ಇಂಜಿನ್ ಬಿಚ್ಚಿಸುವ ಮೊದಲು ಆ ಟಿಕ್ ಟಿಕ್ ಎಲ್ಲಿಂದ ಅಂತ ಹುಡುಕಿ

ನನ್ನ ಹತ್ತಿರ ಇರುವುದು 1999ರ ಸಣ್ಣ ಕಾರು. ಮೂರು ಸಿಲಿಂಡರ್, ಕಾರ್ಬ್ಯುರೇಟರ್, ಪವರ್ ಸ್ಟೀರಿಂಗ್ ಇಲ್ಲ, ಎಸಿ ಹೆಸರಿಗೆ ಮಾತ್ರ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಒಂದು ಸದ್ದು ಶುರುವಾಯಿತು. ಮೊದಲು ನಾನೂ ಎಲ್ಲರ ಹಾಗೆ ರೇಡಿಯೋ ಜೋರು ಮಾಡಿದೆ. ಎರಡು ವಾರಕ್ಕೆ ಅದು ರೇಡಿಯೋವನ್ನೂ ಮೀರಿಸಿತು. ಮೊದಲ ಮೆಕ್ಯಾನಿಕ್ 'ಟ್ಯಾಪೆಟ್ ಸೌಂಡು' (ವಾಲ್ವ್‌ಗಳನ್ನು ತಳ್ಳುವ ಭಾಗದ ಸದ್ದು) ಅಂದರು, ಸೆಟ್ ಮಾಡಿಕೊಟ್ಟರು, ದುಡ್ಡು ತಗೊಂಡರು, ಸದ್ದು ಹಾಗೇ ಇತ್ತು. ಎರಡನೆಯವರು ಒಂದು ನಿಮಿಷ ಕೇಳಿ 'ಬೇರಿಂಗ್ ಹೋಗಿದೆ ಸಾರ್, ಇಂಜಿನ್ ಡೌನ್ ಮಾಡ್ಬೇಕು, 22 ಸಾವಿರ ಆಗುತ್ತೆ' ಅಂದರು. ಕಾರು ಮಾರಿದರೇ ಅಷ್ಟು ಬರುತ್ತೋ ಇಲ್ಲವೋ. ಹಾಗಾಗಿ ಒಂದು ಭಾನುವಾರ ನಾನೇ ಕೂತು ಹುಡುಕಿದೆ. ಕೊನೆಗೆ ಸಿಕ್ಕಿದ್ದು ಏನು ಅಂತ ಆಮೇಲೆ ಹೇಳುತ್ತೇನೆ, ಮೊದಲು ಹುಡುಕುವುದು ಹೇಗೆ ಅಂತ ನೋಡೋಣ.

ನಿಮ್ಮ ಕಾರೂ ಹಳೆಯದೇ ಇರಬೇಕು, ಇಲ್ಲದಿದ್ದರೆ ಇದನ್ನು ಓದುತ್ತಿರಲಿಲ್ಲ. ಮಾರುತಿ 800 ತಯಾರಾಗುವುದು ನಿಂತಿದ್ದೇ 2014ರ ಜನವರಿಯಲ್ಲಿ, ಅಂದರೆ ಅದರಲ್ಲಿ 'ಹೊಸದು' ಅನ್ನುವ ಗಾಡಿಗೂ ಹತ್ತು ವರ್ಷ ದಾಟಿದೆ. ಇಷ್ಟು ವಯಸ್ಸಾದ ಇಂಜಿನ್ ಸ್ವಲ್ಪ ಸದ್ದು ಮಾಡುವುದು ಸಹಜ. ನಾವು ಹುಡುಕಬೇಕಾದ್ದು ಹೊಸದಾಗಿ ಶುರುವಾದ ಸದ್ದನ್ನು.

ಮೊದಲು ಎಣ್ಣೆ, ಆಮೇಲೆ ಮಾತು

ಏನೇ ಸದ್ದು ಬರಲಿ, ಮೊದಲ ಕೆಲಸ ಡಿಪ್‌ಸ್ಟಿಕ್ ಎಳೆಯುವುದು. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಇಂಜಿನ್ ಆಫ್ ಮಾಡಿ ಐದು ನಿಮಿಷ ಬಿಡಿ, ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಆಯಿಲ್ ಕೆಳಗಿನ ಗೆರೆಗಿಂತ ಕೆಳಗಿದ್ದರೆ ಮೊದಲು ತುಂಬಿಸಿ, ಆಮೇಲೆ ಸದ್ದಿನ ವಿಚಾರ. ಆಯಿಲ್ ಕಮ್ಮಿಯಾದಾಗ ಟ್ಯಾಪೆಟ್‌ನಿಂದ ಹಿಡಿದು ಬೇರಿಂಗ್‌ವರೆಗೆ ಎಲ್ಲವೂ ದೂರು ಹೇಳುತ್ತವೆ. ಬೆರಳಿಗೆ ಹಚ್ಚಿ ಉಜ್ಜಿ ನೋಡಿ. ನೀರಿನ ಹಾಗೆ ತೆಳುವಾಗಿದೆಯಾ? ಪೆಟ್ರೋಲ್ ವಾಸನೆ ಬರುತ್ತಿದೆಯಾ? ಕಾರ್ಬ್ಯುರೇಟರ್ ಗಾಡಿಗಳಲ್ಲಿ ಮೆಕ್ಯಾನಿಕಲ್ ಫ್ಯೂಯಲ್ ಪಂಪಿನ ಒಳಗಿನ ಡಯಾಫ್ರಮ್ ಹರಿದರೆ ಪೆಟ್ರೋಲ್ ನೇರವಾಗಿ ಇಂಜಿನ್ ಆಯಿಲ್‌ಗೆ ಸೇರುತ್ತದೆ, ಆಯಿಲ್ ತೆಳುವಾಗುತ್ತದೆ. ಆಗ ಲೆವೆಲ್ ಕಮ್ಮಿಯಾಗುವ ಬದಲು ಜಾಸ್ತಿಯಾಗಿರುತ್ತದೆ. ಇದನ್ನು ನೋಡಿ 'ಆಹಾ, ಆಯಿಲ್ ಚೆನ್ನಾಗಿದೆ' ಅಂತ ಖುಷಿಪಟ್ಟವರಿದ್ದಾರೆ.

ಇನ್ನೊಂದು ಮಾತು. ಸದ್ದಿನ ಜೊತೆ ಕೆಂಪು ಆಯಿಲ್ ಲೈಟ್ ಕೂಡ ಹತ್ತಿದರೆ ಅಲ್ಲೇ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ. 'ಮನೆ ಇಲ್ಲೇ ಎರಡು ಕಿಲೋಮೀಟರ್' ಅಂತ ಓಡಿಸಬೇಡಿ. ಆ ಎರಡು ಕಿಲೋಮೀಟರಿನಲ್ಲೇ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಹಾಳಾಗುವುದು.

ಯಾವ ಸದ್ದು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ

ಶಾಲೆಯಲ್ಲಿ ಅನುಕರಣಾವ್ಯಯ ಅಂತ ಪಾಠ ಇತ್ತು, ನೆನಪಿದೆಯಾ? ಪಟಪಟ, ಧಗಧಗ, ಕಿಣಿಕಿಣಿ. ಪರೀಕ್ಷೆ ಮುಗಿದ ಮೇಲೆ ಅದು ಉಪಯೋಗಕ್ಕೆ ಬರುವುದು ಗ್ಯಾರೇಜಿನಲ್ಲೇ. ನಮ್ಮ ಭಾಷೆಯಲ್ಲಿ ಸದ್ದಿಗೆ ಇಷ್ಟೊಂದು ಹೆಸರಿರುವಾಗ 'ಏನೋ ಸೌಂಡ್ ಬರ್ತಿದೆ' ಅಂತ ಯಾಕೆ ಹೇಳಬೇಕು? ತೆಳ್ಳಗೆ ಟಿಕ್ ಟಿಕ್ ಅಂದರೆ ಒಂದು, ಒಳಗಿಂದ ಡಬ್ ಡಬ್ ಅಂದರೆ ಇನ್ನೊಂದು, ಕೀಚ್ ಅಂದರೆ ಬೆಲ್ಟು, ಗುರ್ರ್ ಅಂದರೆ ಬೇರಿಂಗು, ಬುಸ್ ಅಂದರೆ ಗಾಳಿ, ಜಿರ್ರ್ ಅಂತ ತಗಡು ಅದುರಿದರೆ ಸೈಲೆನ್ಸರಿನ ಶಾಖ ತಡೆಯುವ ತಗಡು.

ಆದರೆ ಇದಿಷ್ಟೇ ಸಾಲದು. ಒಂದೇ ಟಿಕ್ ಟಿಕ್‌ಗೆ ಹತ್ತು ಕಾರಣ ಇರಬಹುದು. ಸದ್ದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅನ್ನುವುದನ್ನು ಎರಡು ದಿನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಸೆಲ್ಫ್ ಹೊಡೆದ ತಕ್ಷಣವಾ, ಬಿಸಿಯಾದ ಮೇಲಾ? ನಿಂತಲ್ಲೇ ರೇಸ್ ಕೊಟ್ಟರೆ ವೇಗವಾಗುತ್ತದಾ? ಏರು ಹತ್ತುವಾಗ ಜಾಸ್ತಿಯಾ? ಕ್ಲಚ್ ತುಳಿದರೆ ಬದಲಾಗುತ್ತದಾ? ಎಸಿ ಹಾಕಿದರೆ? ಇಂಜಿನ್ ಆಫ್ ಮಾಡಿ ಗಾಡಿ ಉರುಳುತ್ತಿರುವಾಗಲೂ ಬಂದರೆ ಅದು ಇಂಜಿನ್ ಸದ್ದೇ ಅಲ್ಲ, ಚಕ್ರದ ಕಡೆಯದ್ದು. ಆದರೆ ಓಡುವ ಗಾಡಿಯಲ್ಲಿ ಕೀ ತಿರುಗಿಸಿ ಪರೀಕ್ಷೆ ಮಾಡಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು, ಬ್ರೇಕ್ ಬೂಸ್ಟರ್ ಕೈಕೊಡಬಹುದು. ಅದರ ಬದಲು ಖಾಲಿ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿ ನೋಡಿ. ಇಂಜಿನ್ ಐಡಲ್‌ಗೆ (ರೇಸ್ ಕೊಡದಾಗಿನ ನಿಧಾನ ವೇಗಕ್ಕೆ) ಇಳಿದರೂ ಸದ್ದು ಗಾಡಿಯ ವೇಗಕ್ಕೇ ಅಂಟಿಕೊಂಡಿದ್ದರೆ ವೀಲ್ ಬೇರಿಂಗೋ ಟೈರೋ ನೋಡಿ, ಇಂಜಿನ್ನನ್ನು ಬಿಟ್ಟುಬಿಡಿ.

ಚೀಟಿಯಲ್ಲಿ ಇನ್ನೊಂದು ಪ್ರಶ್ನೆ ಇರಬೇಕು, ನಾನು ಬರೆಯದೇ ಬಿಟ್ಟಿದ್ದು ಅದನ್ನೇ. ಸದ್ದು ಶುರುವಾಗುವ ಮೊದಲು ಆ ಬಾನೆಟ್ ಒಳಗೆ ಕೊನೆಗೆ ಕೈ ಹಾಕಿದವರು ಯಾರು, ಏನು ಮಾಡಿದರು?

ತಾಳ ಹಾಕಿ ಲೆಕ್ಕ ಮಾಡಿ

ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆದರೂ ಸಹಿಸಿಕೊಳ್ಳಿ. ನಾಲ್ಕು ಸ್ಟ್ರೋಕಿನ ಇಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ (ವಾಲ್ವ್‌ಗಳನ್ನು ತೆರೆಸುವ ದಂಡ) ಒಂದು ಸುತ್ತು. ಐಡಲ್‌ನಲ್ಲಿ ನಿಮಿಷಕ್ಕೆ 900 ಸುತ್ತು ಅಂತ ಇಟ್ಟುಕೊಂಡರೆ ಕ್ರ್ಯಾಂಕ್ ಸೆಕೆಂಡಿಗೆ 15 ಸಲ ಸುತ್ತುತ್ತದೆ, ಕ್ಯಾಮ್ ಏಳೂವರೆ ಸಲ. ಹಾಗಾಗಿ ವಾಲ್ವ್, ಟ್ಯಾಪೆಟ್, ಕ್ಯಾಮ್‌ನಿಂದ ಓಡುವ ಫ್ಯೂಯಲ್ ಪಂಪ್ ಇವೆಲ್ಲ ನಿಧಾನದ ತಾಳದಲ್ಲಿ ಬಡಿಯುತ್ತವೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬೇರಿಂಗ್, ಸಡಿಲವಾದ ಕ್ರ್ಯಾಂಕ್ ಪುಲ್ಲಿ, ಫ್ಲೈವೀಲ್ ಇವು ಸಾಮಾನ್ಯವಾಗಿ ಅದರ ದುಪ್ಪಟ್ಟು ವೇಗದಲ್ಲಿ.

ಸೆಕೆಂಡಿಗೆ ಏಳೋ ಹದಿನೈದೋ ಅಂತ ಕಿವಿಯಲ್ಲಿ ಎಣಿಸಲು ಆಗುವುದಿಲ್ಲ. ಅದಕ್ಕೆ ಮೊಬೈಲ್ ಇದೆ. ಬಾನೆಟ್ ಪಕ್ಕ ಹಿಡಿದು ವಿಡಿಯೋ ಮಾಡಿ, ಕಾಲು ವೇಗದಲ್ಲಿ ಹಾಕಿ ಕೇಳಿ. ಹತ್ತು ಸೆಕೆಂಡಿನಲ್ಲಿ ಸುಮಾರು 19 ಏಟು ಬಂದರೆ ಕ್ಯಾಮ್ ತಾಳ, 37ರ ಆಸುಪಾಸು ಬಂದರೆ ಕ್ರ್ಯಾಂಕ್ ತಾಳ. ನಿಮ್ಮ ಗಾಡಿಯ ಐಡಲ್ ಬೇರೆ ಇದ್ದರೆ ಲೆಕ್ಕವೂ ಅದೇ ಪ್ರಮಾಣದಲ್ಲಿ ಬದಲಾಗುತ್ತದೆ.

ಆರ್‌ಪಿಎಂ ಮೀಟರ್ ಇಲ್ಲದ ಗಾಡಿಯಲ್ಲಿ ಸೈಲೆನ್ಸರ್ ಇದೆಯಲ್ಲ, ಅದೇ ಮೃದಂಗ. ಮೂರು ಸಿಲಿಂಡರಿನ ಗಾಡಿ ಅಂದರೆ ತಿಶ್ರ ನಡೆ, ನಾಲ್ಕು ಸಿಲಿಂಡರ್ ಅಂದರೆ ಚತುರಶ್ರ. ಕ್ಯಾಮ್ ಒಂದು ಸುತ್ತು ಬರುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಂದು ಸಲ ಹೊಗೆ ಉಗುಳಿರುತ್ತದೆ. ಅಂದರೆ ನನ್ನ ಗಾಡಿಯಲ್ಲಿ ಸೈಲೆನ್ಸರಿನ ಮೂರು ಏಟಿಗೆ ಒಂದು ಟಿಕ್ ಬಂದರೆ ಅದು ಕ್ಯಾಮ್ ತಾಳದ್ದು, ಅದೂ ಒಂದೇ ಜಾಗದಿಂದ ಬರುತ್ತಿರುವುದು. ಎಲ್ಲ ಟ್ಯಾಪೆಟ್ ಸಡಿಲವಾಗಿದ್ದರೆ ಹೊಲಿಗೆ ಮಷೀನಿನ ಹಾಗೆ ಒಂದರ ಹಿಂದೆ ಒಂದು ಬರಬೇಕಿತ್ತು. ಇಲ್ಲಿ ಒಂದೇ ಇತ್ತು. ರಾಡ್ ಬೇರಿಂಗ್ ಆಗಿದ್ದರೆ ಇದರ ಎರಡರಷ್ಟು ಬರಬೇಕಿತ್ತು, ಮತ್ತು ಸದ್ದು ಇಷ್ಟು ತೆಳ್ಳಗೆ ಇರುತ್ತಿರಲಿಲ್ಲ. 22 ಸಾವಿರದ ಅಂದಾಜಿನ ಮೇಲೆ ನನಗೆ ಮೊದಲ ಅನುಮಾನ ಬಂದಿದ್ದು ಇಲ್ಲೇ.

ಬೆಲ್ಟ್ ಕಳಚಿ ನೋಡುವುದು

ಹೊರಗಿನ ಸಾಮಾನುಗಳನ್ನು ಮೊದಲು ಪಟ್ಟಿಯಿಂದ ಹೊಡೆದು ಹಾಕಿ. ಯಾಕೆಂದರೆ ಇದು ಸುಲಭ, ದುಡ್ಡೂ ಬೇಡ. ಫ್ಯಾನ್ ಬೆಲ್ಟ್ ಕಳಚಿ, ಇಂಜಿನ್ ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಕೇಳಿ, ಆಫ್ ಮಾಡಿ. ಸದ್ದು ಮಾಯವಾದರೆ ಡೈನಮೋ, ವಾಟರ್ ಪಂಪ್, ಎಸಿ ಕಂಪ್ರೆಸರ್ ಇವುಗಳಲ್ಲಿ ಯಾವುದೋ ಒಂದು. ಅರ್ಧ ನಿಮಿಷ ಅಂದೆನಲ್ಲ, ಅದನ್ನು ಎರಡು ನಿಮಿಷ ಮಾಡಬೇಡಿ. ಹಳೆ ಗಾಡಿಗಳಲ್ಲಿ ಹೆಚ್ಚಾಗಿ ಅದೇ ಬೆಲ್ಟ್ ವಾಟರ್ ಪಂಪನ್ನೂ ಓಡಿಸುತ್ತದೆ, ನೀರು ಸುತ್ತುವುದೇ ನಿಂತಿರುತ್ತದೆ. ಮತ್ತೆ, ಕಳಚಬೇಕಾದ್ದು ಹೊರಗಿನ ಬೆಲ್ಟ್. ಕವರ್ ಒಳಗಿದ್ದು ಕ್ಯಾಮ್ ಓಡಿಸುವ ಟೈಮಿಂಗ್ ಬೆಲ್ಟ್ ಮುಟ್ಟಬೇಡಿ.

ಬೆಲ್ಟ್ ಕಳಚಿದ ಮೇಲೆ ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ. ಒಳ್ಳೆಯ ಬೇರಿಂಗ್ ಸದ್ದಿಲ್ಲದೆ ತಿರುಗುತ್ತದೆ. ಕೆಟ್ಟಿದ್ದರೆ ಒಳಗೆ ಮರಳು ಸೇರಿದ ಹಾಗೆ ಕರಕರ ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ವಾಟರ್ ಪಂಪಿನ ಪುಲ್ಲಿಯನ್ನು ಹಿಡಿದು ಆಚೆ ಈಚೆ ಅಲುಗಿಸಿ, ಅಲುಗಾಡಿದರೆ ಅದರ ಕಾಲ ಮುಗಿಯಿತು. ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲಂಟ್ ಒಸರಿ ಕಲೆ ಕಟ್ಟಿದ್ದರೂ ಅಷ್ಟೇ.

ಕೀಚ್ ಸದ್ದಿಗೆ ಒಂದು ಹಳೆ ಉಪಾಯ ಇದೆ. ಇಂಜಿನ್ ಓಡುತ್ತಿರುವಾಗ ದೂರದಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಸ್ಪ್ರೇ ಮಾಡಿ. ಸದ್ದು ಒಂದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಸದ್ದು ಇನ್ನೂ ಜೋರಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ಬೆಲ್ಟಿಗೆ ಸೋಪು, ಮೇಣ, ಪೌಡರ್ ಹಚ್ಚುವ ಸಲಹೆ ಕೊಡುವವರ ಮಾತು ಕೇಳಬೇಡಿ, ಅದು ಎರಡು ದಿನದ ಮದ್ದು.

ನನ್ನ ಗಾಡಿಯಲ್ಲಿ ಬೆಲ್ಟ್ ಕಳಚಿದರೂ ಟಿಕ್ ಟಿಕ್ ನಿಲ್ಲಲಿಲ್ಲ.

ಕ್ಲಚ್ ಪರೀಕ್ಷೆ ಇನ್ನೂ ಸುಲಭ. ನ್ಯೂಟ್ರಲ್‌ನಲ್ಲಿ ಕ್ಲಚ್ ತುಳಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್. ಕ್ಲಚ್ ತುಳಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ ಪಡಿ. ಎರಡೂ ಇಂಜಿನ್ನಿನದ್ದಲ್ಲ.

ಸ್ಕ್ರೂಡ್ರೈವರ್ ಒಂದು ಕಿವಿ, ಪೈಪ್ ಇನ್ನೊಂದು ಕಿವಿ

ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕೇಳುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ವಿದ್ಯೆ. ಬೆಂಗಳೂರಿನವರಾದರೆ ಜೆ.ಸಿ. ರೋಡಿನ ಅಂಗಡಿಗಳಲ್ಲಿ ಮೆಕ್ಯಾನಿಕ್ ಸ್ಟೆತಾಸ್ಕೋಪನ್ನೇ ಕೇಳಿ ತಗೊಳ್ಳಬಹುದು, ದುಬಾರಿಯಲ್ಲ. ಡೈನಮೋ ಮೈ, ವಾಟರ್ ಪಂಪ್, ವಾಲ್ವ್ ಕವರ್, ಫ್ಯೂಯಲ್ ಪಂಪ್, ಆಯಿಲ್ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ), ಹೀಗೆ ಒಂದೊಂದೇ ಜಾಗ ಮುಟ್ಟುತ್ತಾ ಹೋಗಿ. ಮೊದಲು ಸದ್ದಿಲ್ಲದ ಜಾಗ ಕೇಳಿ ಕಿವಿ ಪಳಗಿಸಿಕೊಳ್ಳಿ. ಮೊದಲ ಸಲ ಕೇಳಿದರೆ ಎಲ್ಲ ಕಡೆಯೂ ಭೂಕಂಪವೇ. ಹತ್ತು ನಿಮಿಷ ಆದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ಇದನ್ನು ಮಾಡುವ ಮೊದಲು ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ನೋಡಿ, ಚಕ್ರಕ್ಕೆ ಕಲ್ಲು ಕೊಡಿ. ಲುಂಗಿ, ಶಾಲು, ದುಪಟ್ಟಾ, ಸೀರೆ ಸೆರಗು, ಕುತ್ತಿಗೆಯ ಸರ, ಬಿಚ್ಚಿದ ಕೂದಲು ಯಾವುದೂ ಬೆಲ್ಟಿನ ಹತ್ತಿರ ಬರಬಾರದು. ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನ್ ತನಗೆ ತೋಚಿದಾಗ ತಿರುಗುತ್ತದೆ, ಕೆಲವು ಗಾಡಿಗಳಲ್ಲಿ ಇಂಜಿನ್ ಆಫ್ ಆದ ಮೇಲೂ. ಶೆಡ್ಡಿನ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಲೇಬಾರದು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ಸುತ್ತುವ ಹೊತ್ತಿಗೆ ಎದ್ದು ಹೋಗುವ ಶಕ್ತಿ ಇರುವುದಿಲ್ಲ.

ಆದರೆ ಸ್ಕ್ರೂಡ್ರೈವರಿಗೆ ಒಂದು ಕೊರತೆ ಇದೆ. ಅದು ಲೋಹದಲ್ಲಿ ಓಡುವ ಸದ್ದನ್ನು ಮಾತ್ರ ಹಿಡಿಯುತ್ತದೆ. ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂತಿರುವ ಸಿಲಿಂಡರ್ ಹೆಡ್ ಅಂದರೆ ಒಂದೇ ಲೋಹದ ಗಟ್ಟಿ, ಒಂದು ತುದಿಯ ಟಿಕ್ ಇನ್ನೊಂದು ತುದಿಯಲ್ಲೂ ಕೇಳುತ್ತದೆ. ನನಗೆ ವಾಲ್ವ್ ಕವರಿನ ಮೇಲೆ ಎಲ್ಲಿ ಇಟ್ಟರೂ ಟಿಕ್ ಟಿಕ್. ಫ್ಯೂಯಲ್ ಪಂಪ್ ಮೇಲೆ ಇಟ್ಟರೂ ಟಿಕ್ ಟಿಕ್. ಸಂಪಿನ ಮೇಲೆ ಮಾತ್ರ ಕಮ್ಮಿ. ಅಂದರೆ ಮೇಲಿನ ಅರ್ಧದ್ದು ಅಂತ ಗೊತ್ತಾಯಿತು, ಅದಕ್ಕಿಂತ ಮುಂದೆ ಹೋಗಲಿಲ್ಲ.

ಆಗ ಹಿತ್ತಲಿನಲ್ಲಿ ಗಿಡಕ್ಕೆ ನೀರು ಬಿಡುವ ಪೈಪ್ ನೆನಪಾಯಿತು. ಒಂದು ಮೀಟರ್ ಉದ್ದ ಕತ್ತರಿಸಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಇಂಜಿನ್ನಿನ ಸುತ್ತ ಮುಟ್ಟಿಸದೆ ಆಡಿಸಿದೆ. ಪೈಪ್ ಹಿಡಿಯುವುದು ಗಾಳಿಯಲ್ಲಿ ಬರುವ ಸದ್ದನ್ನು. ಎಲ್ಲಾದರೂ ಗಾಳಿ ನುಗ್ಗುತ್ತಿದ್ದರೆ ಅಥವಾ ಹೊಗೆ ಸೋರುತ್ತಿದ್ದರೆ ಆ ಜಾಗದ ಮುಂದೆ ಬಂದಾಗ ಕಿವಿಯೊಳಗೇ ಊದಿದ ಹಾಗೆ ಕೇಳುತ್ತದೆ. ಹೆಡ್ಡಿನಿಂದ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಸೋರಿಕೆ ಹಿಡಿಯಲು ಇದಕ್ಕಿಂತ ಒಳ್ಳೆ ಸಾಧನ ಇಲ್ಲ. ಅದೂ ಟ್ಯಾಪೆಟ್ ಹಾಗೇ ಟಿಕ್ ಟಿಕ್ ಅನ್ನುತ್ತದೆ. ತಣ್ಣಗಿರುವಾಗ ಜೋರು, ಲೋಹ ಕಾದು ಹಿಗ್ಗಿದ ಮೇಲೆ ಕಮ್ಮಿ, ಏರಿನಲ್ಲಿ ಮತ್ತೆ ಜೋರು. ಮ್ಯಾನಿಫೋಲ್ಡ್ ಸೇರುವ ಕಡೆ ಕಪ್ಪು ಮಸಿ ಗೆರೆ ಕಟ್ಟಿರುತ್ತದೆ, ಅದನ್ನೂ ನೋಡಿ. ಇನ್‌ಟೇಕ್ ಕಡೆ ಸೀಳಿದ ವ್ಯಾಕ್ಯೂಮ್ ಪೈಪ್ ಇದ್ದರೆ ಬುಸ್ ಅನ್ನುತ್ತದೆ, ಜೊತೆಗೆ ಐಡಲ್ ಏರುಪೇರಾಗುತ್ತದೆ. ಸೋರಿಕೆ ಹುಡುಕಲು ಪೆಟ್ರೋಲ್ ಸಿಂಪಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಪೈಪ್ ಸಾಕು.

ಪ್ಲಗ್ ವೈರ್ ತೆಗೆಯುವ ಪರೀಕ್ಷೆ, ಮತ್ತು ಅದರ ಮೋಸ

ಎರಡನೇ ಮೆಕ್ಯಾನಿಕ್ ಬೇರಿಂಗ್ ಅಂದಿದ್ದಕ್ಕೆ ಅವರ ಹತ್ತಿರ ಒಂದು ಕಾರಣ ಇತ್ತು. ಅವರು ಎರಡನೇ ಸಿಲಿಂಡರಿನ ಪ್ಲಗ್ ವೈರ್ ಎಳೆದರು, ಟಿಕ್ ಟಿಕ್ ಅರ್ಧಕ್ಕರ್ಧ ಇಳಿಯಿತು. ಪುಸ್ತಕದ ಪ್ರಕಾರ ಇದು ಸರಿಯಾದ ಪರೀಕ್ಷೆಯೇ. ಒಂದು ಸಿಲಿಂಡರಿನಲ್ಲಿ ಉರಿ ನಿಂತರೆ ಪಿಸ್ಟನ್ ಮೇಲಿನ ಒತ್ತಡ ಕಮ್ಮಿಯಾಗುತ್ತದೆ, ಸವೆದ ರಾಡ್ ಬೇರಿಂಗ್ ಆಗಿದ್ದರೆ ಬಡಿತ ಕಮ್ಮಿಯಾಗುತ್ತದೆ. ಟ್ಯಾಪೆಟ್ ಆಗಿದ್ದರೆ ಏನೂ ಬದಲಾಗುವುದಿಲ್ಲ.

ನೀವು ಮಾಡುವುದಾದರೆ ಓಡುವ ಇಂಜಿನ್ನಿನಲ್ಲಿ ವೈರ್ ಎಳೆಯಬೇಡಿ, ಸಾವಿರಾರು ವೋಲ್ಟ್ ಇರುತ್ತದೆ, ಹೊಡೆದರೆ ಎಸೆದುಬಿಡುತ್ತದೆ. ಇಂಜಿನ್ ಆಫ್ ಮಾಡಿ, ವೈರ್ ತೆಗೆದು, ಅದಕ್ಕೆ ಒಂದು ಹಳೆ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹ ಇಂಜಿನ್ ಮೈಗೆ ತಾಗುವ ಹಾಗೆ ಗಟ್ಟಿಯಾಗಿ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಿ. ವೈರನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಹಾಳಾಗಬಹುದು. ಪೆಟ್ರೋಲ್ ಸೋರುವ ಗಾಡಿಯಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ) ಇದ್ದರೆ ಕೆಲವೇ ಸೆಕೆಂಡ್, ಅಷ್ಟೇ. ಇಂಜೆಕ್ಷನ್ ಗಾಡಿಯಾದರೆ ಪ್ಲಗ್ ಬದಲು ಆ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ತೆಗೆಯುವುದು ಮೇಲು. ಅಂದ ಹಾಗೆ, ಇಂಜೆಕ್ಟರ್‌ಗಳೂ ಟಿಕ್ ಟಿಕ್ ಅನ್ನುತ್ತವೆ. ಅದು ರೋಗವಲ್ಲ, ಅವು ಕೆಲಸ ಮಾಡುತ್ತಿವೆ ಅಂತ ಅರ್ಥ.

ಮನೆಗೆ ಬಂದು ನಾನೂ ಮಾಡಿದೆ. ನಿಜ, ಎರಡನೇ ಸಿಲಿಂಡರ್ ನಿಲ್ಲಿಸಿದರೆ ಸದ್ದು ಇಳಿಯಿತು. ಆದರೆ ತಾಳದ ಲೆಕ್ಕ ಬೇರಿಂಗ್ ಅಲ್ಲ ಅನ್ನುತ್ತಿತ್ತು. ಸಂಪಿನ ಮೇಲೆ ಸದ್ದು ಕಮ್ಮಿ, ಮೇಲೆ ಜಾಸ್ತಿ, ಅದೂ ಬೇರಿಂಗ್ ಅಲ್ಲ ಅಂತಲೇ. ಬಿಸಿಯಾದ ಮೇಲೂ ಆಯಿಲ್ ಲೈಟ್ ಮಿಣುಕುತ್ತಿರಲಿಲ್ಲ. ಹಾಗಾದರೆ ಉರಿ ನಿಂತಾಗ ಕಮ್ಮಿಯಾಗುವಂಥದ್ದು, ಕ್ಯಾಮ್ ತಾಳದಲ್ಲಿ ಬರುವಂಥದ್ದು, ಹೆಡ್ಡಿನ ಮೇಲೇ ಇರುವಂಥದ್ದು ಬೇರೆ ಏನು? ಒತ್ತಡ ಎಲ್ಲಿಂದಲೋ ಹೊರಗೆ ನುಸುಳುತ್ತಿರಬೇಕು. ಪೈಪಿನ ತುದಿಯನ್ನು ಮ್ಯಾನಿಫೋಲ್ಡ್ ಉದ್ದಕ್ಕೂ ಆಡಿಸಿದೆ, ಏನೂ ಇಲ್ಲ. ಒಂದನೇ ಪ್ಲಗ್, ಏನೂ ಇಲ್ಲ. ಎರಡನೇ ಪ್ಲಗ್ಗಿನ ಹತ್ತಿರ ಬಂದಾಗ ಕಿವಿಗೆ ಪಟ್ ಪಟ್ ಪಟ್ ಅಂತ ಯಾರೋ ಬೆರಳಿನಲ್ಲಿ ಹೊಡೆದ ಹಾಗಾಯಿತು.

ಇಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟೆ. ಸಂಜೆ ಒಂದು ಲೋಟ ನೀರಿಗೆ ಶಾಂಪೂ ಹಾಕಿ ಕಲಸಿ, ಸಿರಿಂಜಿನಲ್ಲಿ ಎಳೆದು ಎರಡನೇ ಪ್ಲಗ್ಗಿನ ಬುಡದ ಸುತ್ತ, ಪಿಂಗಾಣಿಗೆ ತಾಗದ ಹಾಗೆ ಸ್ವಲ್ಪವೇ ಬಿಟ್ಟೆ. ಮಗಳಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಇಂಜಿನ್ ಹತ್ತಿದ ಕೂಡಲೇ ಪ್ಲಗ್ಗಿನ ಬುಡದಲ್ಲಿ ಬಲಗಡೆಯಿಂದ ಗುಳ್ಳೆ ಎದ್ದು ಒಡೆಯಿತು, ಇನ್ನೊಂದು ಎದ್ದಿತು, ಒಡೆಯಿತು. ಪ್ರತಿ ಟಿಕ್‌ಗೂ ಒಂದು ಗುಳ್ಳೆ. ಸೋಪಿನ ನೊರೆ ಹೆಡ್ಡಿನ ಮೇಲೆ ಹರಡಿಕೊಂಡು ಮಕ್ಕಳ ಆಟದ ಹಾಗೆ ಕಾಣುತ್ತಿತ್ತು.

ಪ್ಲಗ್ ಬಿಚ್ಚಿದೆ. ಸ್ಪ್ಯಾನರಿಗೆ ಬಲವೇ ಬೇಕಾಗಲಿಲ್ಲ, ಕೈಯಲ್ಲೇ ತಿರುಗಿತು. ಹೊರಗಿನ ಬಿಳಿ ಪಿಂಗಾಣಿಯ ಮೇಲೆ ಕಂದು ಮಸಿಯ ಗೆರೆಗಳು. ಬುಡದಲ್ಲಿ ಇರಬೇಕಾದ ಉಂಗುರದಂಥ ವಾಶರ್ ಇರಲೇ ಇಲ್ಲ. ಆಗ ನೆನಪಾಯಿತು, ಸದ್ದು ಶುರುವಾಗುವುದಕ್ಕೆ ಮೂರು ವಾರ ಮೊದಲು ಒಂದು ಸರ್ವಿಸ್‌ನಲ್ಲಿ ಪ್ಲಗ್ ಕ್ಲೀನ್ ಮಾಡಿದ್ದರು. ಬಿಲ್ಲಿನಲ್ಲೂ ಬರೆದಿತ್ತು. ಆ ಬಿಲ್ಲು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇತ್ತು.

ಬೇರೆ ಸದ್ದುಗಳಾದರೆ

ನಿಮ್ಮದು ಇದೇ ಆಗಿರಬೇಕೆಂದಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಟೊಕ್ ಟೊಕ್ ಅಂದು, ಐದು ನಿಮಿಷದಲ್ಲಿ ಮಾಯವಾದರೆ ಸವೆದ ಪಿಸ್ಟನ್ ಬೋರಿನ ಗೋಡೆಗೆ ಬಡಿಯುತ್ತಿರಬಹುದು. ಹೊಗೆ ಇಲ್ಲ, ಆಯಿಲ್ ತಿನ್ನುತ್ತಿಲ್ಲ ಅಂದರೆ ಹಾಗೇ ವರ್ಷಗಟ್ಟಲೆ ಓಡಿಸಬಹುದು. ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಗಲಗಲ ಅಂದರೆ ಆಯಿಲ್ ಮೇಲೆ ಏರುವ ಮೊದಲಿನ ಸದ್ದು, ಅಗ್ಗದ ಆಯಿಲ್ ಫಿಲ್ಟರ್ ಬದಲಿಸಿ ನೋಡಿ. ಟೈಮಿಂಗ್ ಚೈನ್ ಇರುವ ಗಾಡಿಯಲ್ಲಿ ಅದು ಹಾಗೇ ಮುಂದುವರಿದರೆ ಚೈನ್ ಅಥವಾ ಟೆನ್ಷನರ್ ನೋಡಿಸಿ. ಹಳೆ ಅಂಬಾಸಿಡರ್‌ನಲ್ಲಿ ಚೈನ್, ಮಾರುತಿ 800ರಲ್ಲಿ ರಬ್ಬರ್ ಬೆಲ್ಟ್, ನಿಮ್ಮದರಲ್ಲಿ ಯಾವುದು ಅಂತ ತಿಳಿದುಕೊಳ್ಳಿ. ಬೆಲ್ಟ್ ಆಗಿದ್ದು, ಯಾವಾಗ ಬದಲಿಸಿದ್ದು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಸದ್ದು ಇರಲಿ ಬಿಡಲಿ, ಬದಲಿಸಿ.

ಏರಿನಲ್ಲಿ ಮೇಲಿನ ಗೇರಿನಲ್ಲೇ ತುಳಿದಾಗ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕಟಕಟ ಬಂದರೆ ಅದು ಏನೋ ಕಳಚಿದ ಸದ್ದಲ್ಲ, ಒಳಗಿನ ಉರಿಯ ಸದ್ದು. ಪ್ಲಗ್ಗಿನ ಕಿಡಿ ಹಾರುವ ಟೈಮಿಂಗ್ ಮುಂದೆ ಹೋಗಿದೆ, ಇಲ್ಲಾ ಕಾರ್ಬನ್ ಕಟ್ಟಿದೆ, ಇಲ್ಲಾ ಪೆಟ್ರೋಲ್ ಕಲಬೆರಕೆ. ತಕ್ಷಣ ಒಂದು ಗೇರ್ ಇಳಿಸಿ. ಬೆಂಗಳೂರಿನಲ್ಲಿ ತೆಪ್ಪಗಿದ್ದ ಗಾಡಿ ಮಂಗಳೂರಿಗೆ ಇಳಿದು ವಾಪಸ್ ಚಾರ್ಮಾಡಿ ಘಾಟಿ ಹತ್ತುವಾಗ ಕಟಕಟ ಅನ್ನುವುದಕ್ಕೆ ಏರು ಒಂದೇ ಕಾರಣವಲ್ಲ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು. ಕರಾವಳಿಯ ದಟ್ಟ ಗಾಳಿ ಜಾಸ್ತಿ ತುಂಬಿಕೊಂಡರೆ ಸಿಲಿಂಡರಿನಲ್ಲಿ ಒತ್ತಡ ಏರುತ್ತದೆ. ಮೊದಲೇ ಟೈಮಿಂಗ್ ಸ್ವಲ್ಪ ಹೆಚ್ಚುಕಮ್ಮಿ ಇದ್ದ ಗಾಡಿ ಅಲ್ಲಿ ಬಾಯಿಬಿಡುತ್ತದೆ.

ನಿಜವಾಗಿ ಭಯಪಡಬೇಕಾದ ಸದ್ದು ಒಂದೇ. ಆಳದಿಂದ ಬರುವ ಡಬ್ ಡಬ್, ಬಿಸಿಯಾದ ಮೇಲೆ ಜಾಸ್ತಿಯಾಗುವಂಥದ್ದು, ರೇಸ್ ಕೊಟ್ಟು ಬಿಟ್ಟಾಗ ಎದ್ದು ಕೇಳುವಂಥದ್ದು, ಐಡಲ್‌ನಲ್ಲಿ ಆಯಿಲ್ ಲೈಟ್ ಮಿಣುಕುವಂಥದ್ದು. ಅಲ್ಲಿ ಪೈಪು, ಶಾಂಪೂ ಯಾವುದೂ ನಡೆಯುವುದಿಲ್ಲ. ಗಾಡಿಯನ್ನು ಎಳೆಸಿಕೊಂಡು ಹೋಗಿ.

ಮೆಕ್ಯಾನಿಕ್ ಹತ್ತಿರ ಹೋಗುವಾಗ ಆ ಚೀಟಿ ಮತ್ತು ಮೊಬೈಲಿನ ವಿಡಿಯೋ ಜೊತೆಗಿರಲಿ. ಹಳೆ ಗಾಡಿಗಳಿಗೆ ಒಂದು ಕೆಟ್ಟ ಬುದ್ಧಿ ಇದೆ, ಗ್ಯಾರೇಜ್ ಕಂಡರೆ ಸದ್ದು ನಿಲ್ಲಿಸುತ್ತವೆ. ಬೆಳಗಿನ ಸದ್ದಾಗಿದ್ದರೆ ಹಿಂದಿನ ರಾತ್ರಿಯೇ ಗಾಡಿ ಅಲ್ಲಿ ಬಿಟ್ಟು ಬನ್ನಿ.

ಪ್ಲಗ್ ವಿಷಯ ಮುಗಿಸಿಬಿಡುತ್ತೇನೆ. ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ, ಸ್ಪ್ಯಾನರಿನಲ್ಲಿ ಶುರು ಮಾಡಿದರೆ ಮರೆ (ಥ್ರೆಡ್) ಅಡ್ಡ ಕೂತು ಅಲ್ಯೂಮಿನಿಯಂ ಹೆಡ್ ಹಾಳಾಗುತ್ತದೆ. ಕೂತ ಮೇಲೆ, ಹೊಸ ವಾಶರ್ ಆದರೆ ಇನ್ನೊಂದು ಅರ್ಧ ಸುತ್ತು, ಅದು ಚಪ್ಪಟೆಯಾಗುವುದು ಕೈಗೆ ಗೊತ್ತಾಗುತ್ತದೆ. ಹಳೇ ವಾಶರ್ ಆದರೆ ತುಸುವೇ ಸಾಕು. ಇಂಜಿನ್ ತಣ್ಣಗಿರಲಿ. ನಾನು ಮೂರೂ ಪ್ಲಗ್ ಹೊಸದು ಹಾಕಿ ಸ್ಟಾರ್ಟ್ ಮಾಡಿದೆ. ಟಿಕ್ ಟಿಕ್ ಹೋಗಿತ್ತು. ಅದರ ಹಿಂದೆ ಅಡಗಿದ್ದ ಇನ್ನೊಂದು ಸಣ್ಣ ಟಿಕ್ ಈಗ ಕೇಳಿಸಿತು. ಮತ್ತೆ ಸ್ಕ್ರೂಡ್ರೈವರ್ ತಂದು ಇಟ್ಟು ನೋಡಿದರೆ ಫ್ಯೂಯಲ್ ಪಂಪಿನ ಸನ್ನೆ (ಲಿವರ್), ಕ್ಯಾಮ್ ತಾಳಕ್ಕೆ ಸರಿಯಾಗಿ, 1999ರಿಂದ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿತ್ತು. ಅದನ್ನು ಅದರ ಪಾಡಿಗೆ ಬಿಟ್ಟು ಬಾನೆಟ್ ಮುಚ್ಚಿದೆ.